ಪಡುವಣ ಕಿಟಕಿಯ ಅರ್ಜಿ

ನಿಂಬೆಹಣ್ಣು ತರಲೆಂದು ಕೆಳಗಿನ ಅಂಗಡಿಗೆ ಹೋದ ಡಾಲಿ, ಅಲ್ಲಿ ಗುರ್ತದವರು ಸಿಕ್ಕಿ ಮಾತಿಗೆ ನಿಂತು ಮುಕ್ಕಾಲು ಗಂಟೆ ಬಿಟ್ಟು ಮರಳುವಷ್ಟರಲ್ಲಿ ಅವಳ ಗಂಡ ಕ್ಯಾಸ್ಮಿರ್ ಮನೆಯನ್ನು ಚಂದ ಮಾಡಿಟ್ಟಿದ್ದ. ಪಡುವಣದ ಎರಡೂ ಕಿಟಕಿಗಳಿಗೆ ಬಿಸಿಲು ತಡೆಯಲೆಂದು ಅವಳು ತಿಂಗಳಿಡೀ ಹೊಲಿದು ಕೂರಿಸಿದ್ದ ದಪ್ಪನೆಯ ಹಾಸುಗಳು ಮಂಚದಡಿ ಸೇರಿದ್ದವು. ಅವುಗಳ ಜಾಗದಲ್ಲಿ, ಮದುವೆಗೆ ಉಡುಗೊರೆ ಬಂದಿದ್ದ ಲೇಸಿನ ಪರದೆ ತೂಗುತ್ತಿತ್ತು. ಗಲ್ಫಿನ ಸೊಹಾರ್ ಪಟ್ಟಣದ ಜುಲೈ ತಿಂಗಳ ಮೂರು ಗಂಟೆಯ ಬಿಸಿಲಿಗೆ ಲೇಸು ಯಾವ ಲೆಕ್ಕ? ಬಿಸಿಲು ಹಜಾರದ ನೆಲದ ತುಂಬ ಹರಡಿತ್ತು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ, ಕ್ಯಾಸ್ಮಿರ್ ದುಡಿಯುವ ಕಂಪೆನಿಯ ಇನ್‌ಸ್ಪೆಕ್ಟರ್ ಬದರ್ ಸೋಫಾದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಡಾಲಿ ಗಂಡನನ್ನು ಅಡುಗೆಮನೆಗೆ ಕರೆದಳು. "ಎಂತ ಮಾಡಿದ್ದು ನೀವು?"

"ಆಫೀಸಿನ ದೊಡ್ಡ ಜನ ಬರುವಾಗ ಕಿಟಕಿಗೆ ಹಾಸಿಗೆ ಕಟ್ಟಿದ ಹಾಗೆ ಕಂಡ್ರೆ ಮರ್ಯಾದೆ ಉಂಟಾ ಮಾರಾಯ್ತಿ?"

"ಅವರು ಬಂದದ್ದೇ ಆ ಹಾಸಿಗೆ ನೋಡ್ಲಿಕ್ಕೆ ಅಲ್ವಾ?"

ಕ್ಯಾಸ್ಮಿರ್‌ನ ಮುಖ ಬಿಳಿಚಿತು. ನೆಂಟರು ಬರುತ್ತಾರೆಂದರೆ ಒಡಕು ಬಕೆಟ್ಟು, ಹಳೇ ಚಪ್ಪಲಿ ಎಲ್ಲವನ್ನೂ ಮಂಚದಡಿ ತಳ್ಳಿ ಮೇಜಿಗೆ ಲೇಸು ಹಾಸುವ ಮನೆಯಲ್ಲಿ ಬೆಳೆದವನು ಅವನು. ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ತಲೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಡಾಲಿಗೆ ಇದು ಬರೀ ಕಿಟಕಿಯ ವಿಷಯವಾಗಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಕರೆಂಟು ಉಳಿಸುವಂಥ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಂಡವರಿಗೆ, ಪರೀಕ್ಷೆಯಲ್ಲಿ ಪಾಸಾದರೆ, ಅಷ್ಟೂ ಖರ್ಚನ್ನು ಕಂಪೆನಿ ಮರಳಿಸುತ್ತಿತ್ತು. ಅದನ್ನು ನಂಬಿ, ಊರಿಗೆ ಹೋಗುವ ಟಿಕೆಟ್ಟಿಗೆಂದು ತೆಗೆದಿಟ್ಟ ದುಡ್ಡಿನಿಂದ ಅವಳು ಫೋಮು, ಬೆಳ್ಳಿ ಬಣ್ಣದ ಹಾಳೆ, ಕ್ಯಾನ್‌ವಾಸು ಎಲ್ಲ ತಂದಿದ್ದಳು. ಆಗಸ್ಟಿನಲ್ಲಿ ಕಿನ್ನಿಗೋಳಿಯಲ್ಲಿ ತಂಗಿ ಲವಿಟಾಳ ಮದುವೆ. ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಲು, ಅಮ್ಮನಿಲ್ಲದ ಆ ಮನೆಯಲ್ಲಿ ಅಕ್ಕನೇ ಆಗಬೇಕು. ಅರ್ಜಿ ಬಿದ್ದುಹೋದರೆ ಟಿಕೆಟ್ಟೂ ಇಲ್ಲ, ರೋಸೂ ಇಲ್ಲ.

"ಮೇಡಂ, ಇಲ್ಲಿ ಏನೂ ಕೆಲಸ ಆಗಿಲ್ಲವಲ್ಲ," ಎಂದರು ಬದರ್. ಬಲೂಚಿ ಮನೆತನದವರಾದ ಅವರ ಹಿಂದಿ ಡಾಲಿಯ ಹಿಂದಿಗಿಂತ ಸಲೀಸಾಗಿತ್ತು. "ಇನ್ನೊಂದು ತೊಡಕೂ ಇದೆ. ಕೆಲಸ ಶುರು ಮಾಡುವ ಮುಂಚೆ ನಮ್ಮನ್ನು ಕರೆಸಿ ಬಿಸಿ ಅಳೆಸಬೇಕಿತ್ತು. ಫಾರಮ್ಮಿನಲ್ಲಿ 'ಮುಂಚೆ' ಅನ್ನುವ ಖಾನೆ ಖಾಲಿ ಇದೆ. ಅದು ತುಂಬದೆ ಆಫೀಸಿನಲ್ಲಿ ಯಾರೂ ಸಹಿ ಹಾಕುವುದಿಲ್ಲ."

ಫಾರಂ ಓದುವ ಜವಾಬ್ದಾರಿ ಕ್ಯಾಸ್ಮಿರ್‌ನದಾಗಿತ್ತು. ಅವನು ಫ್ಯಾನನ್ನೇ ನೋಡುತ್ತ ನಿಂತ. ಬದರ್ ಚೀಲದ ಜಿಪ್ ಎಳೆಯುತ್ತಿದ್ದರು. ಅವರ ಕೈಯ ಕರವಸ್ತ್ರ ಹಿಂಡುವಷ್ಟು ಒದ್ದೆಯಾಗಿತ್ತು. ಡಾಲಿ ಅದನ್ನು ನೋಡಿದಳು, ನೆಲದ ಬಿಸಿಲನ್ನು ನೋಡಿದಳು.

"ಸರ್, ಈಗ ಅಳೆಯಿರಿ."

"ಏನನ್ನು?"

"ಮುಂಚೆಯನ್ನು. ನಾನು ಸೂಜಿ ಹಿಡಿಯುವ ಮುಂಚೆ ಈ ಮನೆ ಹೀಗೇ ಇತ್ತು. ಇದೇ ಕಿಟಕಿ, ಇದೇ ಬಿಸಿಲು, ಇದೇ ಏಸಿ. ನಾನು ಮಾಡಿದ್ದೆಲ್ಲ ಮಂಚದಡಿ ಉಂಟು. ನೀವು ಅಳೆದು ಬರೆದುಕೊಳ್ಳಿ, ಆಮೇಲೆ ನಾನು ನಿಮ್ಮೆದುರೇ ಕೂರಿಸ್ತೇನೆ."

ಬದರ್ ಫಾರಮ್ಮಿನ ಹಿಂಬದಿಯ ನಿಯಮಗಳನ್ನು ಓದಿದರು. ನಿಯಮದಲ್ಲಿ ಇದಕ್ಕೆ ಅಡ್ಡಿಯೇನೂ ಅವರಿಗೆ ಕಾಣಲಿಲ್ಲ. ಚೀಲ ಮತ್ತೆ ತೆರೆಯಿತು. ಏಸಿಯನ್ನು ಇಪ್ಪತ್ತನಾಲ್ಕಕ್ಕೆ ಇಟ್ಟಿದ್ದರೂ ಕೋಣೆಯ ಬಿಸಿ ಮೂವತ್ತಮೂರು, ಕಿಟಕಿಯ ಗಾಜಿನದು ಐವತ್ತೊಂದು. ಅದನ್ನು ಬರೆದುಕೊಂಡು ಫೋಟೊ ತೆಗೆದು, "ಯಲ್ಲಾ, ಇನ್ನು ಶುರು ಮಾಡಿ ತೋರಿಸಿ," ಎಂದರು.

ಡಾಲಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. "ಸ್ಟೂಲ್ ತನ್ನಿ. ಮೇಲಿನದ್ದು ಮೊದಲು. ಅದಲ್ಲ, ಮೂರನೆಯದ್ದು. ಬೆಳ್ಳಿ ಬದಿ ಹೊರಗೆ ಬರ್ಬೇಕು." ಪ್ಲಾಂಟಿನಲ್ಲಿ ಮೂವತ್ತು ಮಂದಿಯನ್ನು ಕುಣಿಸುವ ಫೋರ್‌ಮನ್ ಕ್ಯಾಸ್ಮಿರ್ ಇಲ್ಲಿ ತುಟಿಪಿಟಕ್ಕೆನ್ನದೆ ಸ್ಟೂಲು ಹತ್ತಿದ, ಇಳಿದ, ಮತ್ತೆ ಹತ್ತಿದ. ಹನ್ನೆರಡು ಹಾಸುಗಳು ಒಂದಕ್ಕೊಂದು ಸೇರಿ ಕೂತವು. ಒಂದು ಗೆರೆಯಷ್ಟೂ ಬಿಸಿಲು ಒಳಗೆ ಉಳಿಯಲಿಲ್ಲ. ಡಾಲಿ ಟ್ಯೂಬ್‌ಲೈಟ್ ಹಾಕಿ, ಶರಬತ್ತು ಮಾಡಿ ಕೊಟ್ಟಳು. ಮೂವರೂ ಕೂತು ಕಾದರು. ಡಾಲಿ ಮನಸ್ಸಿನಲ್ಲೇ ಜಪಮಾಲೆಯ ಒಂದು ತೇರ್ಸ ಮುಗಿಸಿದಳು.

ಅರ್ಧ ಗಂಟೆ ಕಳೆದಿರಬೇಕು. ಗೋಡೆಯ ಹಳೇ ಏಸಿ ಟಕ್ಕೆಂದು ಸುಮ್ಮನಾಯಿತು.

"ಕರೆಂಟು ಹೋಯಿತೇ?" ಎಂದು ಬದರ್ ತಲೆಯೆತ್ತಿದರು.

"ಇಲ್ಲ ಸರ್, ಲೈಟ್ ಉಂಟಲ್ಲ. ತಣ್ಣಗಾಯ್ತು, ಅದಕ್ಕೇ ನಿಂತಿತು."

ಅವರು ಕೋಣೆಯ ಬಿಸಿ ನೋಡಿದರು. ಇಪ್ಪತ್ತನಾಲ್ಕು. ನಂಬಿಕೆ ಬಾರದೆ ಎದ್ದು ಹೋಗಿ ಹಾಸಿನ ಮೇಲೆ ಅಂಗೈಯಿಟ್ಟರು. ಆಚೆ ಬದಿಯಲ್ಲಿ ಸೂರ್ಯ ಉರಿಯುತ್ತಿದ್ದ, ಈಚೆ ಬಟ್ಟೆ ಬೆಚ್ಚಗೂ ಇರಲಿಲ್ಲ. "ಖಲಾಸ್. ಪಾಸ್," ಎಂದು ನಕ್ಕರು. "ನಲವತ್ತು ಮನೆ ನೋಡಿದ್ದೇನೆ. ಮುಂಚೆಯನ್ನೂ ಅನಂತರವನ್ನೂ ಒಂದೇ ಮಧ್ಯಾಹ್ನ ಕಣ್ಣೆದುರು ತೋರಿಸಿದವರು ನೀವೊಬ್ಬರೇ. ದುಡ್ಡು ಈ ತಿಂಗಳ ಸಂಬಳದ ಜೊತೆಗೇ ಬರುತ್ತದೆ."

ಡಾಲಿಗೆ ಹಿಗ್ಗು ತಡೆಯಲಾಗಲಿಲ್ಲ. ತಂಗಿಯ ತಲೆಯ ಮೇಲೆ ತೆಂಗಿನ ಹಾಲು ಹೊಯ್ದಂತೆಯೇ ಆಯಿತು ಅವಳಿಗೆ. ಮುಂದಿನ ಹತ್ತು ವರ್ಷ ಗಂಡನಿಗೆ ಹೇಳಿ ನಗಬಹುದಾದ ಕಥೆಯೂ ಜೊತೆಗೆ ಸಿಕ್ಕಿತ್ತು.

ಬದರ್ ಫಾರಂ ತುಂಬತೊಡಗಿದರು. "ಕೆಲಸ ಮಾಡಿದವರು, ಡಾಲಿ ಮಾರ್ಟಿಸ್. ಇನ್ನು ಪರೀಕ್ಷೆಗಾಗಿ 'ಮುಂಚಿನ' ಸ್ಥಿತಿಯನ್ನು ಸಿದ್ಧಪಡಿಸಿಟ್ಟವರು ಯಾರು? ಆ ಹೆಸರೂ ಬೇಕು."

ಡಾಲಿ ಸ್ಟೂಲಿನ ಮೇಲೆ ಕೂತಿದ್ದ ಕ್ಯಾಸ್ಮಿರ್‌ನತ್ತ ನೋಡಿದಳು.

"ನನ್ನ ಗಂಡ, ಸರ್. ನಾನು ಹೇಳದೆಯೇ ಮಾಡಿದ್ರು."