ಏಳನೇ ಪುಟದ ಗುಂಡಿ

ಸೋಮವಾರ ಪಾತ್ರಗಳ ದೂರು ಕೇಳುವ ದಿನ. ನಮ್ಮ ಕಾಮಿಕ್ಸ್ ಕಚೇರಿಯಲ್ಲಿ ಚಿತ್ರದಿಂದ ಚಿತ್ರಕ್ಕೆ ಏನೂ ತಪ್ಪದಂತೆ ನೋಡಿಕೊಳ್ಳುವವಳು ನಾನು. ಹಾಗಾಗಿ ಅವರೆಲ್ಲ ಹಾಳೆಯಿಂದಿಳಿದು ನೇರ ನನ್ನ ಮೇಜಿಗೇ ಬರುತ್ತಾರೆ.

ಈ ಸಲ ಬಂದವರು ತಬಲಾ ಮಾಸ್ತರ ಕಾಡಪ್ಪ. ಕೈಗೆ ಬೇಡಿ ಬಿದ್ದಿತ್ತು.

“ನಮ್ಮ ಕಥಿಯ ಟೀವಿ ಕಾರ್ಟೂನಿನ್ಯಾಗ ಕಿರೀಟ ಕದ್ದಾಂವ ಹಾಲಿನಾಂವ ಅದಾನ್ರೀ. ಪುಸ್ತಕದಾಗ ನನ್ನ ಹಿಡದಾರ.”

ಹಾಳೆ ತಿರುವಿದೆ. ಆರನೇ ಪುಟದಲ್ಲಿ ಅವರ ಅಂಗಿಗೆ ಐದು ಗುಂಡಿ, ಏಳರಲ್ಲಿ ನಾಲ್ಕು. ಚಿತ್ರಕಾರ ಮಾಲತೇಶ ಒಂದನ್ನು ಮರೆತಿದ್ದ. ಕಿರೀಟ ಕದಿಯುವ ಗಡಿಬಿಡಿಯಲ್ಲೇ ಆ ಗುಂಡಿ ಉದುರಿದೆ ಎಂದು ಪತ್ತೇದಾರಿ ತುಂಗವ್ವ ಕೇಸು ಮುಗಿಸಿಬಿಟ್ಟಿದ್ದಳು.

ನಾನು ಏಳನೇ ಪುಟದಲ್ಲಿ ಐದನೇ ಗುಂಡಿ ಬರೆದೆ. ಬೇಡಿ ತಾನೇ ಕಳಚಿತು. ಅಷ್ಟರಲ್ಲಿ ಭೂತಗನ್ನಡಿ ಹಿಡಿದು ತುಂಗವ್ವನೇ ಬಂದಳು.

“ಹಾಲಿನಾಂವನ್ನ ಆಮ್ಯಾಲೆ ಹಿಡೀತೀನಿ. ಮೊದಲ ಸುಳ್ಳು ಪುರಾವೆ ಇಟ್ಟಾಂವ ಯಾರು ಹೇಳ್ರಿ.”

“ಯಾರೂ ಇಟ್ಟಿಲ್ಲ ತುಂಗವ್ವಾ. ಮಾಲತೇಶ ಗುಂಡಿ ಮರ್ತಾನ, ಅಷ್ಟ.”

“ಹೆಸರು ಸಿಕ್ತು,” ಎಂದು ಅವಳು ಮಾಲತೇಶನ ರಟ್ಟೆ ಹಿಡಿದು ಹದಿನೈದನೇ ಪುಟದ ಲಾಕಪ್ಪಿಗೆ ಎಳೆದೊಯ್ದಳು.

ಸಂಚಿಕೆ ನಿಲ್ಲುವಂತಿಲ್ಲ. ಉಳಿದ ಪುಟಗಳನ್ನು ಅವನು ಒಳಗೆ ಕೂತೇ ಬರೆದು ಕಳಿಸಿದ. ಹದಿನೈದರಲ್ಲಿ ಲಾಕಪ್ಪಿನ ಬಾಗಿಲಿಗೆ ಏಳು ಸರಳು, ಹದಿನಾರರಲ್ಲಿ ಐದು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ತಪ್ಪು ಕಂಡೂ ನಾನು ಕೆಂಪು ಪೆನ್ಸಿಲ್ ಎತ್ತಲಿಲ್ಲ.

ಚಹಾದ ಹೊತ್ತಿಗೆ ಮಾಲತೇಶ ಎದುರು ಕುರ್ಚಿಯಲ್ಲಿ ಕೂತು ಬಿಸ್ಕತ್ತು ಅದ್ದುತ್ತಿದ್ದ.

“ಭಾರಿ ಶಾಣ್ಯಾ ಅದಿ. ಎರಡು ಸರಳು ಬೇಕಂತನ ಬಿಟ್ಟಿ ಅಲಾ?” ಎಂದೆ.

ಅವನು ಬಿಸ್ಕತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

“ಯಾವ ಸರಳು?”