ಹೆಸರಿನ ಕಾಲಂ ಒಂದನ್ನೇ

ಕಾಲೋನಿ ಕಚೇರಿಯ ಕಂಪ್ಯೂಟರಿನ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಜನ ಬದುಕುತ್ತಿದ್ದರು. ಟೈಪಿಸ್ಟ್ ಶಾಂಭವಿ ಒಂದು ಮನೆ ನಂಬರು ತಿದ್ದಿದರೆ, ಆ ಮನೆಯವರು ಗೊಣಗದೆ ಸಾಮಾನು ಕಟ್ಟುತ್ತಿದ್ದರು.

"ಹೆಸರು ಅಕಾರಾದಿ ಪ್ರಕಾರ ಹೊಂದಿಸ್ರಿ," ಎಂದು ಹೇಳಿ ಸಾಹೇಬರು ಊಟಕ್ಕೆ ಹೋದರು.

ಅವಸರದಲ್ಲಿ ಶಾಂಭವಿ ಇಡೀ ಕೋಷ್ಟಕದ ಬದಲು ಹೆಸರಿನ ಕಾಲಂ ಒಂದನ್ನೇ ಆಯ್ದು ವಿಂಗಡಿಸಿಬಿಟ್ಟಳು. ಹೆಸರುಗಳು ಮೇಲೆ ಕೆಳಗೆ ಜಿಗಿದವು. ಮನೆ, ಕೆಲಸ, ಮಕ್ಕಳು ಎಂಬ ಕಾಲಂಗಳು ಇದ್ದಲ್ಲೇ ಉಳಿದವು. ಕಿಟಕಿಯಾಚೆ ಜನ ತಮ್ಮ ಮನೆಗಳಿಂದ ಹೊರಬಂದು, ಸಮಾಧಾನವಾಗಿ ಬೇರೆಯವರ ಮನೆ ಹೊಕ್ಕರು.

ಮೊದಲಿನಂತೆ ಮಾಡಲು ಶಾಂಭವಿ ಕೈ ಚಾಚಿದಳು. ಯಾವ ಬಟನ್ ಒತ್ತಬೇಕೆಂದು ಬೆರಳುಗಳಿಗೆ ತಿಳಿಯಲಿಲ್ಲ. ಅವು ಗಾಳಿಯಲ್ಲೇ ಮಲ್ಲಿಗೆ ಕಟ್ಟುತ್ತಿದ್ದವು.

ಹೂ ಮಾರುವ ಗಂಗವ್ವ ಒಳಗೆ ಬಂದು, "ಏಳವ್ವಾ, ನನ್ನ ಕುರ್ಚಿ ಅದು," ಎಂದಳು. ಬೆಂಚಿನ ಮೇಲೆ ಚಿತ್ರ ಬರೆಯುತ್ತಿದ್ದ ಶಾಂಭವಿಯ ಮಗಳು "ಅವ್ವಾ!" ಎನ್ನುತ್ತ ಓಡಿಹೋಗಿ ಗಂಗವ್ವನ ಸೊಂಟ ತಬ್ಬಿದಳು. ಗಂಗವ್ವ ಕುಳಿತು ಪಟ್ಟಿಯನ್ನು ಸೇವ್ ಮಾಡಿದಳು.

ಅದು ನನ್ನ ಮಗು ಎಂದು ಕೂಗಲು ಶಾಂಭವಿ ಬಾಯಿ ತೆರೆದಳು. ಬಂದ ಮಾತೇ ಬೇರೆ:

"ನಿಮ್ಮ ಮಗಳಿಗೂ ಒಂದು ಮೊಳ ಕೊಡ್ಲೇನ್ರಿ, ಅಕ್ಕಾರ?"