ನಮ್ಮ ಹುಡುಗಿ ಇನ್ನೂ ಎಳಸು

“ಎದುರಂಗಡೀಲಿ ಮೊಟ್ಟೆಸುರುಳಿ ಮಾಡ್ತಿರೋಳು ನಿಮ್ಮ ಮಗಳಂತೆ? ನಿಮ್ಮ ಮನೆಯವರು ಹೇಳಿದ್ರು. ಏನು ಕೈ ರೀ ಅದು, ನೋಡ್ತಾನೇ ಇರಬೇಕು ಅನ್ಸುತ್ತೆ,” ಎಂದಳು ಉಪ್ಪಿನಕಾಯಿ ಅಂಗಡಿಯವಳು, ರುಚಿ ನೋಡಲು ಮೂಲಂಗಿ ಚೂರು ಕೊಡುತ್ತ.

ಶಿಗೆಯೋಶಿಯ ಕೈ ತಾನಾಗಿಯೇ ಮುಖದ ಮುಂದೆ ಎದ್ದು, ನೊಣ ಓಡಿಸುವ ಹಾಗೆ ಅತ್ತಿತ್ತ ಆಡಿತು. “ಎಲ್ಲಿ ಕೈಯಮ್ಮ. ಮನೇಲಿ ನೀರು ಕಾಯಿಸೋಕಿಟ್ರೂ ಸೀಯಿಸೋಳು. ಪಾಪ, ಅಂಗಡಿ ಯಜಮಾನರು ಹೇಗೋ ಸಹಿಸ್ಕೊಂಡಿದಾರೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾರುಕಟ್ಟೆಯ ಬೀದಿಯೇ ನಾಲ್ಕು ಜನ ಒಟ್ಟಿಗೆ ನಡೆದರೆ ಮುಗಿದುಹೋಗುವಷ್ಟು ಅಗಲ. ಎದುರಿಗಿದ್ದ ಮಗಳು ಮಿಜುಹೊಳ ಕಿವಿಗೆ ಮಾತು ಬಿದ್ದೇ ಬಿದ್ದಿತ್ತು. ಅವಳು ತಲೆ ಎತ್ತಲಿಲ್ಲ. ವರ್ಷಗಟ್ಟಲೆ ಆ ಅಂಗಡಿಯ ಹಿತ್ತಿಲಲ್ಲಿ ಬಾಣಲೆ ತಿಕ್ಕಿ, ಮೊಟ್ಟೆ ಒಡೆದು, ಈ ವಾರವಷ್ಟೇ ಗಿರಾಕಿಗಳ ಕಣ್ಣೆದುರು ಒಲೆಯ ಮುಂದೆ ನಿಂತಿದ್ದಳು. ಅದನ್ನು ನೋಡಲೆಂದೇ ಗಂಡ ಹೆಂಡತಿ ಬೆಳಿಗ್ಗೆ ರೈಲು ಹತ್ತಿ, ಹೇಳದೆ ಕೇಳದೆ ಕ್ಯೋಟೋಗೆ ಬಂದಿದ್ದರು.

“ರೈಲಲ್ಲಿ ಏನು ಹೇಳಿದ್ದೆ ನಾನು?” ಕಜುಯೊ ಗಂಡನ ತೋಳು ಚಿವುಟಿದಳು. “ಇವತ್ತೊಂದಿನ ಅವಳ ಕಿವಿಗೆ ಬೀಳೋ ಹಾಗೆ ಒಂದು ಒಳ್ಳೆ ಮಾತಾಡಿ ಅಂದಿದ್ನೋ ಇಲ್ವೋ?”

“ನಮ್ಮ ಮಗಳನ್ನ ನಾವೇ ಹೊಗಳಿಕೊಳ್ಳೋಕಾಗುತ್ತೇನೆ? ಬೇರೆಯವರ ಮಗಳಾಗಿದ್ರೆ ಬಾಯ್ತುಂಬ ಹೊಗಳ್ತಿದ್ದೆ.”

“ಹುಟ್ಟಿದಾಗ ಮಗು ಮುದ್ದಾಗಿದೆ ಅಂದ ನರ್ಸಿಗೂ, ಎಲ್ಲಿ, ಮೂಗು ಚಪ್ಪಟೆ ಅಂದೋರಲ್ವಾ ನೀವು.”

ಶಿಗೆಯೋಶಿ ಹೋಗಿ ಮೊಟ್ಟೆಸುರುಳಿಯ ಸಾಲಿನಲ್ಲಿ ನಿಂತ. ಅವರ ಸರದಿ ಬಂದಾಗ ಮಿಜುಹೊ ಎಲ್ಲರಿಗೂ ಬಾಗುವ ಹಾಗೆಯೇ ಇವರಿಗೂ ಬಾಗಿ “ಬನ್ನಿ” ಎಂದಳು. ಅಂಗಡಿಯಲ್ಲಿ ಅಪ್ಪ ಅಮ್ಮ ಎನ್ನುವ ಹಾಗಿಲ್ಲ. ಮೀನಿನ ಸಾರು ಬೆರೆಸಿದ ಮೊಟ್ಟೆಯನ್ನು ತಾಮ್ರದ ಚೌಕ ಬಾಣಲೆಗೆ ಹುಯ್ದಳು, ಊಟದ ಕಡ್ಡಿ ತಾಗಿಸಿ ಮಡಚಿದಳು, ಮತ್ತೆ ಹುಯ್ದಳು. ಮಣಿಕಟ್ಟು ಒಮ್ಮೆ ಕುಲುಕಿದರೆ ಸಾಕು, ಸುರುಳಿ ತಾನೇ ಮಗ್ಗುಲು ಹೊರಳುತ್ತಿತ್ತು. ಶಿಗೆಯೋಶಿ ಹೆಮ್ಮೆಯಿಂದ ಒಲೆಯತ್ತ ಬಗ್ಗಿದ.

“ಚೆನ್ನಾಗಿ ಮಾಡ್ತಾರೆ,” ಎಂದ ಹೇಗೋ.

ಆಗಷ್ಟೇ ಒಳಗಿನಿಂದ ಬಂದ ಯಜಮಾನ ತೊಕುದಾಗೆ ಇವರು ಯಾರೆಂದು ಗೊತ್ತಿಲ್ಲ. ಅವನೂ ಮುಖದ ಮುಂದೆ ಕೈ ಅತ್ತಿತ್ತ ಆಡಿಸಿದ. “ಎಲ್ಲಿ ಸ್ವಾಮಿ. ನಮ್ಮ ಹುಡುಗಿ ಇನ್ನೂ ಎಳಸು. ಏನೋ ನಿಮ್ಮಂಥೋರು ಸಹಿಸ್ಕೊಳ್ತೀರಿ, ಅಷ್ಟೆ.”

ಅದೇ ಕೈ, ಅದೇ ಮಾತು. ನಮ್ಮ ಹುಡುಗಿಯಂತೆ. ಶಿಗೆಯೋಶಿಗೆ ಮೊದಲು ಚುರುಕ್ಕೆಂದಿತು. ಆಮೇಲೆ ಹೊಳೆಯಿತು: ಈ ಒಲೆಯ ಮುಂದೆ ಅವಳು ಇವರ ಮನೆಯವಳು, ತಾನು ಹೊರಗಿನವನು. ಹೊರಗಿನವನು ಹೊಗಳಿದರೆ ಯಾರು ನಗುತ್ತಾರೆ?

“ಹಾಗನ್ನಬೇಡಿ ಯಜಮಾನ್ರೇ,” ಎಂದ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ. “ಇಂಥ ಕೈ ನಾನು ಎಲ್ಲೂ ನೋಡಿಲ್ಲ.”

“ಛೆ ಛೆ, ಅಷ್ಟೊಂದೇನಿಲ್ಲ.” ತೊಕುದಾನ ಕೈ ಇನ್ನೂ ಜೋರಾಗಿ ಆಡಿತು.

“ಇದೆ ಅಂತೀನಿ. ಈ ವಯಸ್ಸಿಗೆ ಈ ಹದ ಯಾರಿಗೆ ಬರುತ್ತೆ? ಎಷ್ಟು ಕಷ್ಟಪಟ್ಟು ಕಲಿತಿದಾಳೆ ಅಂತ ನೋಡಿದ್ರೇ ಗೊತ್ತಾಗುತ್ತೆ. ಇಂಥ ಮಗಳನ್ನ ಹೆತ್ತೋರು ಪುಣ್ಯ ಮಾಡಿರಬೇಕು.”

“ಹೆತ್ತೋರ ವಿಷಯ ಅಷ್ಟೊಂದು ಬೇಡ,” ಎಂದು ಕಜುಯೊ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು.

ಸೀದ ವಾಸನೆ ಬಂತು. ಮಿಜುಹೊಳ ಕೈಯ ಕಡ್ಡಿ ನಿಂತೇಹೋಗಿತ್ತು. ಸುರುಳಿಯ ಅಂಚು ಕಪ್ಪಾಗಿತ್ತು. ಅವಳು ಗಡಿಬಿಡಿಯಲ್ಲಿ ಅದನ್ನೆತ್ತಿ ಪಕ್ಕಕ್ಕಿಟ್ಟಳು. ಕಿವಿ ಕೆಂಪಗಾಗಿದ್ದವು.

“ಅದನ್ನೇ ಕಟ್ಟಿಕೊಡಿ,” ಎಂದ ಶಿಗೆಯೋಶಿ.

“ಸೀದಿದ್ದು ಗಿರಾಕಿಗೆ ಕೊಡೋ ಹಾಗಿಲ್ಲ, ಅಪ್ಪ,” ಎಂದುಬಿಟ್ಟಳು ಮಿಜುಹೊ.

ತೊಕುದಾನ ಕೈ ಮುಖದ ಮುಂದೆಯೇ ನಿಂತುಬಿಟ್ಟಿತು.

“ಗಿರಾಕಿಗೆ ಬೇಡ ಬಿಡು,” ಎಂದ ಶಿಗೆಯೋಶಿ, ಎರಡೂ ಕೈ ಚಾಚಿ. “ಅಪ್ಪನಿಗೆ ಕೊಡು.”